ತೆರೆಯ ಮೇಲೊಂದು ಕ್ವಿಲ್ಟ್, ಮಂಚದ ಮೇಲೊಂದು

ಅಮೆರಿಕದಲ್ಲಿ ಅನೇಕ ಸಣ್ಣಪುಟ್ಟ ಊರುಗಳಲ್ಲೂ ಕ್ವಿಲ್ಟ್ ಹೊಲಿಯುವವರ ಸಂಘ ಇರುತ್ತದೆ. ಗಿಲ್ಡ್ ಎಂದು ಅದರ ಹೆಸರು. ಚರ್ಚಿನ ಹಾಲಿನಲ್ಲೋ ಗ್ರಂಥಾಲಯದ ಕೋಣೆಯಲ್ಲೋ ತಿಂಗಳಿಗೊಮ್ಮೆ ಸೇರುತ್ತಾರೆ. ಲೆಕ್ಕಪತ್ರ, ಮುಂದಿನ ಪ್ರದರ್ಶನದ ತಯಾರಿ ಎಲ್ಲ ಮುಗಿದ ಮೇಲೆ ಬರುವುದು ‘ಶೋ ಅಂಡ್ ಟೆಲ್’. ಇಬ್ಬರು ಕ್ವಿಲ್ಟಿನ ಎರಡು ಮೂಲೆ ಹಿಡಿದು ಎತ್ತುತ್ತಾರೆ. ಹಿಡಿದವರ ಬೆರಳು, ಪಾದ ಬಿಟ್ಟರೆ ಇನ್ನೇನೂ ಕಾಣುವುದಿಲ್ಲ. ಹೊಲಿದವರು ಪಕ್ಕದಲ್ಲಿ ನಿಂತು ನಾಲ್ಕು ಮಾತು ಹೇಳುತ್ತಾರೆ. ಬಹಳಷ್ಟು ಜನ ಸಭೆಗೆ ಬರುವುದೇ ಇದಕ್ಕಾಗಿ. ಕಂಪ್ಯೂಟರಿನಲ್ಲಿ ವಿನ್ಯಾಸ ಮಾಡಿದವರ ಕೈಯಲ್ಲಿ ಕೆಲವೊಮ್ಮೆ ಒಂದು ಹಾಳೆಯೂ ಇರುತ್ತದೆ, ತೆರೆಯ ಮೇಲೆ ಕ್ವಿಲ್ಟ್ ಹೇಗಿತ್ತು ಎನ್ನುವುದರ ಅಚ್ಚು ಪ್ರತಿ. ಹಾಳೆಯಲ್ಲಿದ್ದದ್ದು ಒಂದು, ಬಟ್ಟೆಯಲ್ಲಿ ಆದದ್ದು ಇನ್ನೊಂದು. ಸಾಫ್ಟ್‌ವೇರ್ ಹಿಡಿದು ಹೊಲಿಯುವವರು ಕಲಿಯಬೇಕಾದ ಬಹುಪಾಲು ವಿಷಯ ಈ ಎರಡರ ನಡುವಿನ ವ್ಯತ್ಯಾಸದಲ್ಲೇ ಇದೆ ಎಂಬುದು ನನ್ನ ಅಭಿಪ್ರಾಯ.

ಕೌದಿ ಹೊದ್ದು ಬೆಳೆದ ನಮಗೆ ಕ್ವಿಲ್ಟ್ ಹೊಸದಲ್ಲ. ಮೇಲೊಂದು ಪದರ, ಕೆಳಗೊಂದು ಪದರ, ನಡುವೆ ಬೆಚ್ಚಗಿರಿಸುವ ಇನ್ನೊಂದು; ಮೂರನ್ನೂ ಹಿಡಿದಿಡುವ ಹೊಲಿಗೆ. ಉತ್ತರ ಕರ್ನಾಟಕದ ಕೌದಿಯಲ್ಲಿ ನಡುವೆ ಹಳೆಯ ಸೀರೆ, ಧೋತರ ಇರುತ್ತವೆ; ಅಮೆರಿಕದ ಕ್ವಿಲ್ಟಿನಲ್ಲಿ ಅಂಗಡಿಯಿಂದ ತಂದ ಹತ್ತಿಯ ಹಾಸು. ಅಲ್ಲಿಯ ಪದ್ಧತಿಯಲ್ಲಿ ಮೇಲಿನ ಪದರವನ್ನು ಚೌಕಚೌಕವಾದ ‘ಬ್ಲಾಕ್’ಗಳಾಗಿ ಮೊದಲು ಹೊಲಿದು, ಆಮೇಲೆ ಅವನ್ನು ಜೋಡಿಸುತ್ತಾರೆ. ಕಂಪ್ಯೂಟರಿಗೆ ಒಗ್ಗಿದ್ದು ಈ ಬ್ಲಾಕ್ ಪದ್ಧತಿ.

ಒಗ್ಗಿಸಿದವರಲ್ಲಿ ಮುಖ್ಯರು ಒಬ್ಬ ಗಣಿತದ ಪ್ರಾಧ್ಯಾಪಕರು. ಓಹಾಯೋ ರಾಜ್ಯದ ಬೌಲಿಂಗ್ ಗ್ರೀನ್ ವಿಶ್ವವಿದ್ಯಾಲಯದ ಡೀನ್ ನ್ಯೂಮನ್ ಬರೆದ ‘ಎಲೆಕ್ಟ್ರಿಕ್ ಕ್ವಿಲ್ಟ್’ ಸಾಫ್ಟ್‌ವೇರ್ 1991ರಲ್ಲಿ ಬಂತು. ಅವರ ಪತ್ನಿ ಪೆನ್ನಿ ಮೆಕ್‌ಮಾರಿಸ್ ಕ್ವಿಲ್ಟ್ ಇತಿಹಾಸ ಬಲ್ಲವರು, ಆ ಬಗ್ಗೆ ಟೆಲಿವಿಷನ್ ಸರಣಿಗಳನ್ನು ನಡೆಸಿಕೊಟ್ಟವರು. 2017ರಲ್ಲಿ ಈ ಸಾಫ್ಟ್‌ವೇರಿನ ಎಂಟನೇ ಆವೃತ್ತಿ ಬಂತು. ಬಳಸುವವರು ಚಿಕ್ಕದಾಗಿ ‘ಇಕ್ಯೂ8’ ಎನ್ನುತ್ತಾರೆ. ಬಾರ್ಬರಾ ಬ್ರಾಕ್‌ಮನ್ ಎಂಬ ಇತಿಹಾಸಕಾರ್ತಿ ಹಳೆಯ ಪತ್ರಿಕೆ, ಕ್ಯಾಟಲಾಗುಗಳನ್ನು ಜಾಲಾಡಿ 4000ಕ್ಕೂ ಮಿಕ್ಕಿದ ತುಂಡುಬಟ್ಟೆ ವಿನ್ಯಾಸಗಳ ಕೋಶ ಮಾಡಿದ್ದಾರೆ. ಅದನ್ನೂ ಎಲೆಕ್ಟ್ರಿಕ್ ಕ್ವಿಲ್ಟ್ ಸಂಸ್ಥೆಯೇ ‘ಬ್ಲಾಕ್‌ಬೇಸ್’ ಎಂಬ ಹೆಸರಿನಲ್ಲಿ ಕಂಪ್ಯೂಟರಿಗೆ ತಂದಿತು.

ಇಕ್ಯೂ8ಕ್ಕೆ ದುಡ್ಡು ಕೊಡಬೇಕು, ಕಡಿಮೆಯೇನಲ್ಲ. ಒಂದೇ ಒಂದು ಹೊದಿಕೆ ಹೊಲಿಯುವ ಆಸೆಯಿದ್ದವರು ಅದಕ್ಕೆ ಹಣ ಹಾಕುವ ಅಗತ್ಯ ಕಾಣೆ. ಬ್ರೌಸರಿನಲ್ಲೇ ತೆರೆದುಕೊಳ್ಳುವ ‘ಪ್ರಿಕ್ವಿಲ್ಟ್’ ಇದೆ. ಪೂರ್ತಿ ಉಚಿತ ಬೇಕೆಂದರೆ ‘ಇಂಕ್‌ಸ್ಕೇಪ್’ ಸಾಕು. ಅದು ಕ್ವಿಲ್ಟಿಗೆಂದೇ ಮಾಡಿದ್ದಲ್ಲ, ಚಿತ್ರ ಬರೆಯುವ ಸಾಧನ. ಆದರೆ ಅದರ ‘ಕ್ಲೋನ್’ ಸೌಲಭ್ಯ ನಮ್ಮ ಕೆಲಸಕ್ಕೆ ಹೇಳಿಮಾಡಿಸಿದಂತಿದೆ. ಒಂದು ಬ್ಲಾಕ್ ಬರೆದು ಅದರ ನಲವತ್ತೆಂಟು ಕ್ಲೋನ್ ಹಾಸಿಟ್ಟರೆ, ಮೂಲದಲ್ಲಿ ಒಂದು ತುಂಡಿನ ಬಣ್ಣ ಬದಲಿಸಿದ ಕೂಡಲೇ ಅಷ್ಟೂ ಬದಲಾಗುತ್ತವೆ. ಬಟ್ಟೆಯ ಲೆಕ್ಕ ಮಾತ್ರ ಅದು ಹೇಳದು, ನೀವೇ ಹಾಕಬೇಕು.

ಬ್ಲಾಕಿನ ಅಳತೆ ಮೊದಲು

ಹೊಸಬರು ತೆರೆಯ ಮುಂದೆ ಕೂತೊಡನೆ ಬಣ್ಣಕ್ಕೆ ಕೈ ಹಾಕುತ್ತಾರೆ. ಮೊದಲು ನೋಡಬೇಕಾದದ್ದು ಬ್ಲಾಕಿನ ಅಳತೆ. ಮೂರು ಸಾಲು, ಮೂರು ಅಡ್ಡಸಾಲಿನ ‘ನೈನ್ ಪ್ಯಾಚ್’ ಎಂಬ ಸರಳ ಬ್ಲಾಕ್ ತೆಗೆದುಕೊಳ್ಳಿ. ಹತ್ತು ಇಂಚಿನದು ಮಾಡುತ್ತೇನೆಂದು ತೆರೆಯಲ್ಲಿ 10 ಎಂದು ಒತ್ತಿದರೆ ಕಂಪ್ಯೂಟರು ಚಕಾರ ಎತ್ತದೆ ಬರೆದುಕೊಡುತ್ತದೆ. ಆದರೆ ಹತ್ತನ್ನು ಮೂರರಿಂದ ಭಾಗಿಸಿದರೆ ಒಂದೊಂದು ಚೌಕ 3.33 ಇಂಚು. ಟೇಪಿನಲ್ಲಿ ಆ ಗೆರೆಯೇ ಇಲ್ಲ. ಕತ್ತರಿಸುವ ಪಟ್ಟಿ ಅದನ್ನು ಹತ್ತಿರದ 3 3/8ಕ್ಕೆ ಏರಿಸಿತೆನ್ನಿ, ಮೂರು ಚೌಕ ಸೇರಿ 10 1/8 ಇಂಚು ಆಗುತ್ತದೆ. ಬಡಗಿಗಳ ಲೆಕ್ಕದಲ್ಲಿ ಒಂದು ನೂಲು ಹೆಚ್ಚು. ಎಂಟು ಬ್ಲಾಕ್ ಸಾಲಾಗಿ ಜೋಡಿಸಿದಾಗ ಒಂದು ಇಂಚು ಹೆಚ್ಚಾಗಿ, ಪಕ್ಕದಲ್ಲಿ ಸರಿಯಾಗಿ ಹತ್ತು ಇಂಚಿನ ಬೇರೆ ಬ್ಲಾಕುಗಳ ಸಾಲಿದ್ದರೆ ಮೂಲೆ ಕೂಡುವುದೇ ಇಲ್ಲ.

ಆದ್ದರಿಂದ ಮೂರರ ಮನೆಗಳ ಬ್ಲಾಕಿಗೆ 6, 9 ಅಥವಾ 12 ಇಂಚು. ನಾಲ್ಕರದಕ್ಕೆ 8 ಅಥವಾ 12. ಐದರದಕ್ಕೆ 10, 15. ‘ಬೇರ್ಸ್ ಪಾ’ ಎಂಬ ಕರಡಿಪಾದದ ಬ್ಲಾಕಿನಂಥ ಏಳರ ಮನೆಗಳಿಗೆ 7, ಇಲ್ಲವೆ ಹತ್ತೂವರೆ, ಇಲ್ಲವೆ 14. ಒಂದೇ ಕ್ವಿಲ್ಟಿನಲ್ಲಿ ಮೂರರದ್ದನ್ನೂ ನಾಲ್ಕರದ್ದನ್ನೂ ಬೆರೆಸುವ ಆಸೆಯಿದ್ದರೆ 12 ಇಂಚು ಎರಡಕ್ಕೂ ಹೊಂದುತ್ತದೆ.

ತ್ರಿಕೋನ ಬಂದಾಗ ಸಾಫ್ಟ್‌ವೇರಿನ ನಿಜವಾದ ಉಪಕಾರ ಗೊತ್ತಾಗುತ್ತದೆ. ಹೊಲಿಗೆಗೆ ಎಲ್ಲ ಕಡೆ ಕಾಲು ಇಂಚು ಬಿಡುವುದು ಕ್ವಿಲ್ಟಿನ ನಿಯಮ. ಹಾಗಾಗಿ ಮುಗಿದಾಗ 3 ಇಂಚು ಇರಬೇಕಾದ ಚೌಕವನ್ನು ಮೂರೂವರೆ ಇಂಚಿಗೆ ಕತ್ತರಿಸುತ್ತೇವೆ. ಚೌಕವನ್ನು ಕರ್ಣದಲ್ಲಿ ಸೀಳಿ ಎರಡು ತ್ರಿಕೋನ ಮಾಡುವುದಾದರೆ ಅರ್ಧ ಇಂಚು ಸಾಲದು, 7/8 ಬೇಕು. ಕಾಲು ಇಂಚನ್ನು ಎರಡು ಮತ್ತು ಎರಡರ ವರ್ಗಮೂಲದ ಮೊತ್ತದಿಂದ ಗುಣಿಸಿದರೆ 0.85 ಬರುತ್ತದೆ; ಅದನ್ನು ಏಳು ನೂಲಿಗೆ ಏರಿಸಿಕೊಂಡಿದ್ದಾರೆ. ಚೌಕವನ್ನು ಎರಡೂ ಕರ್ಣದಲ್ಲಿ ಸೀಳಿ ನಾಲ್ಕು ಮಾಡುವುದಾದರೆ ಒಂದೂಕಾಲು ಇಂಚು. ಗಣಿತದ ಮೇಷ್ಟ್ರಿಗೆ ಇದರಲ್ಲಿ ಖುಷಿ ಸಿಕ್ಕಿದ್ದು ಸಹಜ. ಉಳಿದವರಿಗೆ ಈ ಲೆಕ್ಕವನ್ನು ಇನ್ನೊಬ್ಬರು ಮಾಡಿಕೊಟ್ಟರೆ ಅಷ್ಟೇ ಖುಷಿ.

ಒಂದು ಬ್ಲಾಕ್, ಹಲವು ಕ್ವಿಲ್ಟ್

ತೆರೆಯ ಮೇಲೆ ಆಟವಾಡಿ ಕಲಿಯಬೇಕೆಂದರೆ ‘ಲಾಗ್ ಕ್ಯಾಬಿನ್’ಗಿಂತ ಒಳ್ಳೆಯ ಬ್ಲಾಕ್ ಇಲ್ಲ. ನಡುವೆ ಒಂದು ಚೌಕ, ವಾಡಿಕೆಯಂತೆ ಕೆಂಪು. ಮರದ ದಿಮ್ಮಿಯ ಮನೆಯೊಳಗಿನ ಒಲೆ ಅದು ಎನ್ನುತ್ತಾರೆ. ಅದರ ಸುತ್ತ ದಿಮ್ಮಿ ಪೇರಿಸಿದ ಹಾಗೆ ಪಟ್ಟಿಗಳು. ಕರ್ಣದ ಒಂದು ಬದಿಗೆ ತಿಳಿ ಬಣ್ಣ, ಇನ್ನೊಂದು ಬದಿಗೆ ಗಾಢ ಬಣ್ಣ. ನಡುವಿನ ಚೌಕ 2 ಇಂಚು, ಪಟ್ಟಿಗಳು 1 ಇಂಚು, ನಾಲ್ಕು ಸುತ್ತು ಎಂದಿಟ್ಟುಕೊಂಡರೆ ಬ್ಲಾಕ್ 10 ಇಂಚು. ಆರು ಅಡ್ಡ, ಎಂಟು ಉದ್ದ ಇಟ್ಟರೆ 48 ಬ್ಲಾಕ್, 60 ಇಂಚು ಅಗಲ 80 ಇಂಚು ಉದ್ದದ ಹೊದಿಕೆ.

ಈ 48ನ್ನೂ ಒಂದೇ ದಿಕ್ಕಿಗೆ ಇಟ್ಟು ನೋಡಿ. ಬೇಸರ ಬರುವಂತಿರುತ್ತದೆ. ಈಗ ಬ್ಲಾಕುಗಳನ್ನು ಕಾಲುಸುತ್ತು, ಅರ್ಧಸುತ್ತು ತಿರುಗಿಸುತ್ತ ಹೋಗಿ. ಒಂದು ಜೋಡಣೆಯಲ್ಲಿ ಓರೆಯಾದ ನೇಗಿಲ ಸಾಲು ಮೂಡುತ್ತದೆ, ‘ಸ್ಟ್ರೈಟ್ ಫರೋ’. ಇನ್ನೊಂದರಲ್ಲಿ ನಡುವಿನಿಂದ ಅಂಚಿನವರೆಗೆ ಒಂದರೊಳಗೊಂದು ವಜ್ರಾಕೃತಿ, ‘ಬಾರ್ನ್ ರೈಸಿಂಗ್’. ಮತ್ತೊಂದರಲ್ಲಿ ಬಿಸಿಲು ನೆರಳಿನ ಹಾಗೆ ತಿಳಿ ವಜ್ರ, ಕಪ್ಪು ವಜ್ರ ಸರದಿಯಲ್ಲಿ. ಬಟ್ಟೆ ಅದೇ, ಬ್ಲಾಕೂ ಅದೇ. ಹಿಂದೆ ಇದನ್ನು ತಿಳಿಯಬೇಕಾದರೆ ಅಷ್ಟನ್ನೂ ಹೊಲಿದು ಮುಗಿಸಿ, ನೆಲದ ಮೇಲೆ ಹರವಿ, ಕುರ್ಚಿ ಹತ್ತಿ ನೋಡಬೇಕಿತ್ತು. ಬ್ಲಾಕ್ ಬ್ಲಾಕ್ ಸೇರುವಲ್ಲಿ ಹುಟ್ಟುವ ಈ ಎರಡನೆಯ ವಿನ್ಯಾಸವನ್ನು ಹೊಲಿಯುವ ಮೊದಲೇ ಕಾಣಿಸುವುದು ಕಂಪ್ಯೂಟರು ಮಾಡುವ ದೊಡ್ಡ ಕೆಲಸ. ಇದಕ್ಕಾಗಿ ಒಂದಿಡೀ ಸಂಜೆ ಕಳೆದರೂ ನಷ್ಟವಿಲ್ಲ.

ಇನ್ನು ತೆರೆ ಹೇಳದೇ ಬಿಡುವ ಮಾತು. ಮೇಲಿನ ಬ್ಲಾಕಿನಲ್ಲಿ ಅಡ್ಡಲಾಗಿ ಒಂಬತ್ತು ತುಂಡು, ಎಂಟು ಹೊಲಿಗೆ ಬರುತ್ತವೆ. ನಿಮ್ಮ ಮಿಷನ್ ಕಾಲು ಇಂಚಿಗಿಂತ ನೂಲಿನ ಕಾಲು ಭಾಗ, ಅಂದರೆ ಇಂಚಿನ 1/32 ಮಾತ್ರ ಒಳಗೆ ಹೊಲಿಯುತ್ತದೆ ಎನ್ನಿ. ಒಂದು ಹೊಲಿಗೆಗೆ ಎರಡು ಬದಿ ಸೇರಿ 1/16 ಹೋಯಿತು. ಎಂಟು ಹೊಲಿಗೆಗೆ ಅರ್ಧ ಇಂಚು. ಹತ್ತು ಇಂಚಿನ ಬ್ಲಾಕ್ ಒಂಬತ್ತೂವರೆ ಆಯಿತು. 60ಕ್ಕೆ 80ರ ಕ್ವಿಲ್ಟ್ 57ಕ್ಕೆ 76 ಆಯಿತು. ಮೂರು ಪದರ ಸೇರಿಸಿ ಹೊಲಿದಾಗ, ಒಗೆದಾಗ ಇನ್ನಷ್ಟು ಎಳೆದುಕೊಳ್ಳುತ್ತದೆ. ಹಾಗಾಗಿ ಪೂರ್ತಿ ಬಟ್ಟೆ ಕತ್ತರಿಸುವ ಮೊದಲು ಒಂದೇ ಒಂದು ಬ್ಲಾಕ್ ಹೊಲಿದು ಇಸ್ತ್ರಿ ಮಾಡಿ ಅಳೆಯಿರಿ. ತೆರೆಯ ಅಳತೆಗೆ ಬಂದರೆ ಮುಂದುವರಿಯಿರಿ. ಬರದಿದ್ದರೆ ಸೂಜಿಯ ಸ್ಥಾನ ಸರಿಮಾಡಿಕೊಳ್ಳಿ.

ಎಷ್ಟು ಬಟ್ಟೆ

ಬಟ್ಟೆಯ ಅಂದಾಜನ್ನು ಕ್ವಿಲ್ಟಿಗೆಂದೇ ಮಾಡಿದ ಸಾಫ್ಟ್‌ವೇರೇ ಕೊಡುತ್ತದೆ, ಆದರೆ ಅದು ನೀವು ಹೇಳಿದ ಪನ್ನವನ್ನು ನಂಬಿ ಕೊಡುವ ಉತ್ತರ. ಉದಾಹರಣೆಗೆ, ಒಂಬತ್ತು ಇಂಚಿನ ನೈನ್ ಪ್ಯಾಚ್ 24, ಖಾಲಿ ಬ್ಲಾಕ್ 24, ಚದುರಂಗದ ಮನೆಯಂತೆ ಸರದಿಯಲ್ಲಿ. ಪ್ರತಿ ನೈನ್ ಪ್ಯಾಚಿನಲ್ಲಿ ಐದು ಗಾಢ ಚೌಕ. ಒಟ್ಟು 120, ಪ್ರತಿಯೊಂದೂ ಮೂರೂವರೆ ಇಂಚು. ಪನ್ನ 42 ಇಂಚು ಸಿಕ್ಕಿದರೆ ಒಂದು ಪಟ್ಟಿಯಲ್ಲಿ 12 ಚೌಕ, ಹತ್ತು ಪಟ್ಟಿ, 35 ಇಂಚು ಬಟ್ಟೆ. ಅಂಚು ತೆಗೆದ ಮೇಲೆ ಸಿಗುವುದು 40 ಮಾತ್ರವಾದರೆ ಒಂದು ಪಟ್ಟಿಗೆ 11 ಚೌಕ, ಹನ್ನೊಂದು ಪಟ್ಟಿ, 38.5 ಇಂಚು. ಮೊದಲನೆಯದು ಒಂದು ಗಜದಲ್ಲಿ ಮುಗಿಯುತ್ತದೆ, ಎರಡನೆಯದು ಮುಗಿಯುವುದಿಲ್ಲ. ಮೀಟರಿನಲ್ಲಿ ಕೊಳ್ಳುವ ನಮಗೆ ಒಂದು ಮೀಟರು 39.37 ಇಂಚು, ಅಂದರೆ ಹೇಗೋ ತುದಿಮುಟ್ಟುತ್ತದೆ. ಒಂದು ಪಟ್ಟಿ ಓರೆಯಾಗಿ ಕತ್ತರಿಸಿದಿರೋ, ಕತೆ ಮುಗಿಯಿತು. ಒಂದೂಕಾಲು ಮೀಟರು ತನ್ನಿ.

ನಮ್ಮ ಕೈಮಗ್ಗದ ಬಟ್ಟೆ ಬಳಸುವವರು ಇನ್ನೂ ಎಚ್ಚರವಾಗಿರಬೇಕು. ಗುಳೇದಗುಡ್ಡದ ಖಣದ ಪನ್ನ ಅಮೆರಿಕದ ಕ್ವಿಲ್ಟ್ ಬಟ್ಟೆಗಿಂತ ಬಹಳ ಕಿರಿದು. ತಂದ ಬಟ್ಟೆಯನ್ನು ಒಗೆದು, ಒಣಗಿಸಿ, ಅಳೆದು, ಆ ಅಂಕಿಯನ್ನು ಸಾಫ್ಟ್‌ವೇರಿಗೆ ಕೊಡಿ. ಬಣ್ಣ ಬಿಡುವ ಬಟ್ಟೆಯಾದರೆ ಅದೂ ಆಗಲೇ ಗೊತ್ತಾಗುತ್ತದೆ. ಹಿಂಬದಿಯ ಪದರಕ್ಕೆ ಮಾತ್ರ ನಮಗೊಂದು ಅನುಕೂಲವಿದೆ. 60ಕ್ಕೆ 80ರ ಕ್ವಿಲ್ಟಿಗೆ ಎಲ್ಲ ಕಡೆ ನಾಲ್ಕು ಇಂಚು ಹೆಚ್ಚು ಬಿಟ್ಟು 68ಕ್ಕೆ 88ರ ಹಿಂಬದಿ ಬೇಕು. ಐದೂವರೆ ಮೀಟರಿನ ಹತ್ತಿ ಸೀರೆಯನ್ನು 88 ಇಂಚಿನ ಎರಡು ತುಂಡು ಮಾಡಿ ಉದ್ದಕ್ಕೆ ಜೋಡಿಸಿದರೆ ಸಾಕಾಗಿ ಉಳಿಯುತ್ತದೆ. ಸಿಂಥೆಟಿಕ್ ಸೀರೆ ಬೇಡ. ಜಾರುತ್ತದೆ, ಇಸ್ತ್ರಿಗೆ ಮುದುಡುತ್ತದೆ.

ಮಂಚದ ಅಳತೆಯನ್ನೂ ಸಾಫ್ಟ್‌ವೇರಿನ ಪಟ್ಟಿಯಿಂದ ಆರಿಸಬೇಡಿ. ಅಲ್ಲಿರುವುದು ಅಮೆರಿಕದ ಹಾಸಿಗೆಗಳು. ನಿಮ್ಮ ಹಾಸಿಗೆಯನ್ನು ಅಳೆದು, ಬದಿಗೆ ಇಳಿಬೀಳಲು ಹತ್ತು ಹನ್ನೆರಡು ಇಂಚು ಸೇರಿಸಿ. ತೆರೆ ಕ್ವಿಲ್ಟನ್ನು ಗೋಡೆಗೆ ತೂಗುಹಾಕಿದಂತೆ ತೋರಿಸುತ್ತದೆ. ಮಂಚದ ಮೇಲೆ ಮೇಲ್ಭಾಗ ದಿಂಬಿನ ಕೆಳಗೆ ಹೋಗುತ್ತದೆ, ಎರಡು ಬದಿ ಕೆಳಗೆ ಇಳಿಯುತ್ತದೆ. ಮುಖ್ಯ ಚಿತ್ರ ನಡುವಿನ ಆಯತದಲ್ಲೇ ಇರಲಿ.

ಕಾಗದದ ನಮೂನೆ ಅಚ್ಚು ಹಾಕುವಾಗ ಇನ್ನೊಂದು ಗುಂಡಿ ಇದೆ. ಅಮೆರಿಕದ ಲೆಟರ್ ಹಾಳೆ ಎಂಟೂವರೆ ಇಂಚು ಅಗಲ, ನಮ್ಮ ಎ4 ಹಾಳೆ 8.27. ಪ್ರಿಂಟರು ತಾನಾಗಿಯೇ ಹಾಳೆಗೆ ಹೊಂದಿಸಲು ಹೋಗಿ ಶೇಕಡ 97ಕ್ಕೆ ಕುಗ್ಗಿಸಿಬಿಡುತ್ತದೆ. ಮೂರೂವರೆ ಇಂಚಿನ ಚೌಕ 3.4 ಆಗುತ್ತದೆ. ‘ಆಕ್ಚುಯಲ್ ಸೈಜ್’ ಆರಿಸಿ, ಮೊದಲ ಹಾಳೆಯನ್ನು ಸ್ಕೇಲು ಹಿಡಿದು ಅಳೆಯಿರಿ. ಕಾಗದದ ಮೇಲೇ ಹೊಲಿಯುವ ‘ಪೇಪರ್ ಪೀಸಿಂಗ್’ ನಮೂನೆಗಳು ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಅಚ್ಚಾಗುತ್ತವೆ. ಹಕ್ಕಿ ಎಡಕ್ಕೆ ನೋಡುವ ಬದಲು ಬಲಕ್ಕೆ ನೋಡುತ್ತಿದೆಯೆಂದು ಗಾಬರಿಯಾಗಬೇಡಿ. ಬಟ್ಟೆ ಕಾಗದದ ಹಿಂಬದಿಯಲ್ಲಿ ಕೂರುವುದರಿಂದ ಕೊನೆಗೆ ಸರಿಯಾಗುತ್ತದೆ.

ಬಣ್ಣವನ್ನು ತೆರೆಗೆ ಒಪ್ಪಿಸಬೇಡಿ

ತೆರೆ ಬೆಳಕನ್ನು ಹೊರಗೆ ಚೆಲ್ಲುತ್ತದೆ, ಬಟ್ಟೆ ಹೀರಿಕೊಳ್ಳುತ್ತದೆ. ಅಲ್ಲಿ ಹೊಳೆದ ಕಂದು ಇಲ್ಲಿ ಮಂಕಾಗುತ್ತದೆ. ಬಣ್ಣಕ್ಕಿಂತ ತಿಳಿ-ಗಾಢದ ಅಂತರವನ್ನು ನೋಡಿ. ಆರಿಸಿದ ಬಟ್ಟೆಗಳನ್ನು ಹಗಲು ಬೆಳಕಿನಲ್ಲಿ ಸಾಲಾಗಿ ಇಟ್ಟು, ಮೊಬೈಲಿನಲ್ಲಿ ಕಪ್ಪು-ಬಿಳುಪು ಚಿತ್ರ ತೆಗೆಯಿರಿ. ಲಾಗ್ ಕ್ಯಾಬಿನ್ನಿನ ತಿಳಿ ಬದಿ, ಗಾಢ ಬದಿ ಆ ಚಿತ್ರದಲ್ಲಿ ಬೇರೆ ಬೇರೆಯಾಗಿ ಕಂಡರೆ ಕ್ವಿಲ್ಟೂ ನಿಲ್ಲುತ್ತದೆ. ಕೆಂಪು, ಹಸಿರು ಎರಡೂ ಒಂದೇ ಬೂದು ಬಣ್ಣವಾಗಿ ಕಂಡರೆ, ಬಣ್ಣ ಎಷ್ಟೇ ಚೆಂದವಿದ್ದರೂ ನೇಗಿಲ ಸಾಲು ದೂರದಿಂದ ಕಾಣುವುದಿಲ್ಲ.

ನಿಮ್ಮದೇ ಬಟ್ಟೆಯ ಚಿತ್ರವನ್ನು ಸಾಫ್ಟ್‌ವೇರಿಗೆ ಹಾಕುವುದಾದರೆ ಪಕ್ಕದಲ್ಲಿ ಸ್ಕೇಲು ಇಟ್ಟು ತೆಗೆಯಿರಿ, ಆಮೇಲೆ ಅಳತೆ ಸರಿಹೊಂದಿಸಿ. ಇಲ್ಲದಿದ್ದರೆ ಆರು ಇಂಚಿನ ಕಲಂಕಾರಿ ಹೂವು ತೆರೆಯ ಮೇಲೆ ಎರಡು ಇಂಚಿನ ಚೌಕದಲ್ಲಿ ಇಡಿಯಾಗಿ ಅರಳಿ ನಿಂತಿರುತ್ತದೆ. ಕತ್ತರಿಸಿದಾಗ ಕೈಗೆ ಬರುವುದು ಅರ್ಧ ಎಸಳು.

ಇಷ್ಟೆಲ್ಲ ಹೇಳಿದ ಮೇಲೂ, ಎಲ್ಲ ಹೊದಿಕೆಗೂ ಮೊದಲೇ ನಕ್ಷೆ ಬೇಕೆಂದು ನಾನು ಒಪ್ಪುವುದಿಲ್ಲ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ಕೌದಿಯನ್ನು ಒಂದು ಮೂಲೆಯಿಂದ ಶುರುಮಾಡಿ, ಅಂಚಿನ ಸುತ್ತ ತುಂಡು ಹೊಲಿಯುತ್ತ ಒಳಗೆ ಬರುತ್ತಾರೆ. ಮುಂದಿನ ತುಂಡು ಯಾವುದು ಎನ್ನುವುದು ಹಿಂದಿನ ತುಂಡು ಹೊಲಿದ ಮೇಲೆ ತೀರ್ಮಾನ. ನಾಲ್ಕು ಮೂಲೆಗೂ ಮಡಿಸಿದ ಬಟ್ಟೆಯ ಹೂವು ಇಟ್ಟರೇ ಅವರಿಗೆ ಕೌದಿ ಪೂರ್ತಿಯಾದಂತೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹೆನ್ರಿ ಡ್ರೂವಲ್ ಎಂಬ ವಿದ್ವಾಂಸರು ಈ ಕೌದಿಗಳನ್ನು ಅಧ್ಯಯನ ಮಾಡಿ ಅಲ್ಲಿಯ ಜನರಿಗೆ ಪರಿಚಯಿಸಿದ್ದಾರೆ. ಅಲಬಾಮಾದ ಜೀಸ್ ಬೆಂಡ್ ಊರಿನ ಕಪ್ಪು ಹೆಂಗಸರ ಕ್ವಿಲ್ಟುಗಳೂ ಹೀಗೆ ಕೈಗೆ ಸಿಕ್ಕ ಬಟ್ಟೆಯಿಂದ ಹುಟ್ಟಿದವು. 2002ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂ ಅವನ್ನು ಗೋಡೆಗೆ ಏರಿಸಿತು. ಸಮನಾದ ಚೌಕಗಳನ್ನು ಸಾಲುಸಾಲಾಗಿ ಹಾಸುವುದರಲ್ಲಿ ಕಂಪ್ಯೂಟರು ನಿಸ್ಸೀಮ. ಹಳೆಯ ಬಟ್ಟೆಯ ಗಂಟು ಬಿಚ್ಚಿ ಕೂತಾಗ ಕಂಪ್ಯೂಟರನ್ನು ಆರಿಸಿಡುವುದೇ ಮೇಲು.

ಮುಗಿದದ್ದನ್ನು ತೋರಿಸುವಾಗ

ಹೊಲಿದು ಮುಗಿಸಿ, ಅಂಚು ಕಟ್ಟಿ, ಗೆಳತಿಯರಿಗೋ ಗಿಲ್ಡಿಗೋ ತೋರಿಸುವ ಹೊತ್ತು. ಎರಡು ಮೂರು ಚಿತ್ರ ಚೆನ್ನಾಗಿ ತೆಗೆದರೆ ಸಾಕು. ಪೂರ್ತಿ ಕ್ವಿಲ್ಟಿನ ಚಿತ್ರಕ್ಕೆ ಅದನ್ನು ಮಟ್ಟಸವಾಗಿ ತೂಗುಹಾಕಿ, ಕ್ಯಾಮೆರಾವನ್ನು ಕ್ವಿಲ್ಟಿನ ನಡುಮಟ್ಟಕ್ಕೆ ಹಿಡಿಯಿರಿ. ಕೆಳಗಿನಿಂದ ಮೇಲಕ್ಕೆ ತೆಗೆದರೆ ಆಯತ ಹೋಗಿ ಗೋಪುರವಾಗುತ್ತದೆ. ಅಷ್ಟು ಕಷ್ಟಪಟ್ಟು ನೇರಮಾಡಿದ ಸಾಲುಗಳು ಸೊಟ್ಟ ಕಾಣುತ್ತವೆ. ಹೊಲಿಗೆಯ ಉಬ್ಬುತಗ್ಗು ಕಾಣಬೇಕೆಂದರೆ ಫ್ಲ್ಯಾಶ್ ಬಳಸದೆ, ಬೆಳಿಗ್ಗೆಯೋ ಸಂಜೆಯೋ ಕಿಟಕಿಯ ಬೆಳಕು ಒಂದು ಪಕ್ಕದಿಂದ ಬೀಳುವ ಹಾಗೆ ಇಟ್ಟು ಹತ್ತಿರದಿಂದ ಒಂದು ತೆಗೆಯಿರಿ. ಹಿಂಬದಿಯದೂ ಒಂದಿರಲಿ, ಕಸುಬು ಬಲ್ಲವರು ಮೊದಲು ತಿರುಗಿಸಿ ನೋಡುವುದು ಅದನ್ನೇ. ಪ್ರದರ್ಶನಕ್ಕೆ ಕಳಿಸುವ ಯೋಚನೆ ಇದ್ದರೆ ಹಿಂಬದಿಯ ಮೇಲಂಚಿಗೆ ಕೋಲು ತೂರಿಸಲು ನಾಲ್ಕು ಇಂಚಿನ ಬಟ್ಟೆಯ ಕೊಳವೆ ಹೊಲಿದಿಡಿ. ಅದಿಲ್ಲದೆ ಬಹಳಷ್ಟು ಕಡೆ ತೆಗೆದುಕೊಳ್ಳುವುದಿಲ್ಲ.

ಜೊತೆಗೆ ತೆರೆಯ ಚಿತ್ರವನ್ನೂ ತೋರಿಸಿ. ಇದಕ್ಕೆ ಅನೇಕರು ಹಿಂಜರಿಯುತ್ತಾರೆ, ಬದಲಾದದ್ದೆಲ್ಲ ತಪ್ಪು ಎಂದು ಯಾರಾದರೂ ಅಂದಾರೆಂಬ ಅಳುಕಿನಿಂದ. ಆದರೆ ನೋಡುವವರಿಗೆ ಉಪಯೋಗಕ್ಕೆ ಬರುವುದು ಆ ಬದಲಾವಣೆಯೇ. ನೀಲಿ ಮುಗಿದುಹೋಗಿ ಕೊನೆಯ ಎರಡು ಸಾಲಿಗೆ ಬೇರೆ ನೀಲಿ ಹಾಕಿದಿರಾ, ಅಂಚನ್ನು ಆರರಿಂದ ನಾಲ್ಕು ಇಂಚಿಗೆ ಇಳಿಸಿದಿರಾ, ತೆರೆಯ ಮೇಲೆ ಚೆಂದ ಕಂಡ ಹಳದಿ ಬಟ್ಟೆಯಲ್ಲಿ ಕಣ್ಣಿಗೆ ಚುಚ್ಚಿತೆಂದು ಬಿಟ್ಟಿರಾ, ಅದನ್ನು ಹೇಳಿ. ‘ಚೆನ್ನಾಗಿದೆ’ ಎಂಬ ಮೆಚ್ಚುಗೆಗಿಂತ ಮುಂದೆ ಹೋಗುವ ಮಾತುಕತೆ ಅಲ್ಲಿಂದ ಶುರುವಾಗುತ್ತದೆ.

ಋಣ ಹೇಳುವ ವಿಷಯದಲ್ಲಿ ಜಿಪುಣತನ ಬೇಡ. ಲಾಗ್ ಕ್ಯಾಬಿನ್, ನೈನ್ ಪ್ಯಾಚ್ ಎಲ್ಲರ ಸೊತ್ತು. ಯಾರ ಅಪ್ಪಣೆಯೂ ಬೇಕಿಲ್ಲ. ಆದರೆ ಒಬ್ಬ ವಿನ್ಯಾಸಕಿ ಪ್ರಕಟಿಸಿದ ನಮೂನೆಯನ್ನು ಸಾಫ್ಟ್‌ವೇರಿನಲ್ಲಿ ಮತ್ತೆ ಬರೆದು ಬಣ್ಣ ಬದಲಿಸಿದ ಮಾತ್ರಕ್ಕೆ ಅದು ನಿಮ್ಮದಾಗುವುದಿಲ್ಲ. ಹೆಸರು ಹೇಳಿ, ಮಾರುವುದಾದರೆ ಕೇಳಿ. ಅಮೆರಿಕದಲ್ಲಿ ಮೇಲ್ಪದರ ತಾವೇ ಹೊಲಿದು, ಮೂರು ಪದರ ಸೇರಿಸುವ ಕೆಲಸವನ್ನು ಲಾಂಗ್‌ಆರ್ಮ್ ಎಂಬ ದೊಡ್ಡ ಮಿಷನ್ ಇರುವವರಿಗೆ ದುಡ್ಡು ಕೊಟ್ಟು ಮಾಡಿಸುವುದು ಸಾಮಾನ್ಯ. ಅಲ್ಲಿಯ ಪ್ರದರ್ಶನಗಳಲ್ಲಿ ಹೊಲಿದವರ ಹೆಸರಿನ ಜೊತೆ ಅವರ ಹೆಸರನ್ನೂ ಹಾಕುತ್ತಾರೆ. ನಮ್ಮೂರಿನಲ್ಲಿ ಕೌದಿ ಹೊಲಿಯುವ ಹೆಂಗಸಿಗೆ ಬಟ್ಟೆ ಕೊಟ್ಟು ಮಾಡಿಸಿಕೊಂಡು ‘ನಾನು ಮಾಡಿದ್ದು’ ಎಂದು ತೋರಿಸುವವರಿಗೂ ಈ ಮಾತು ಸಲ್ಲುತ್ತದೆ.

ಕೊನೆಯ ಕೆಲಸ ಲೇಬಲ್. ಅಂಗೈ ಅಗಲದ ಬಿಳಿ ಬಟ್ಟೆಯ ಮೇಲೆ ಅಳಿಸದ ಶಾಯಿಯಲ್ಲೋ ದಾರದಲ್ಲೋ ಬರೆದು ಹಿಂಬದಿಯ ಕೆಳ ಮೂಲೆಗೆ ಹೊಲಿಯಿರಿ: ನಿಮ್ಮ ಹೆಸರು, ಊರು, ಮುಗಿಸಿದ ವರ್ಷ, ಬ್ಲಾಕಿನ ಹೆಸರು, ಯಾರಿಗಾಗಿ ಎಂಬುದು. ಸಾಫ್ಟ್‌ವೇರಿನ ಫೈಲು ನಾಲ್ಕಾರು ವರ್ಷಕ್ಕೆ ತೆರೆಯದೇ ಹೋಗಬಹುದು, ಮೊಬೈಲಿನ ಚಿತ್ರ ಕಳೆದುಹೋಗಬಹುದು. ಬಟ್ಟೆಗೆ ಹೊಲಿದದ್ದು ಬಟ್ಟೆ ಇರುವಷ್ಟು ಕಾಲ ಇರುತ್ತದೆ. ಕ್ವಿಲ್ಟ್ ಮ್ಯೂಸಿಯಂಗಳಲ್ಲಿ ಹೊಲಿದವರು ಯಾರೆಂದು ತಿಳಿಯದ ಕ್ವಿಲ್ಟುಗಳು ಬೇಕಾದಷ್ಟಿವೆ. ನಮ್ಮ ಮನೆಗಳ ಕೌದಿಗಳ ಮೇಲಂತೂ ಹೆಸರು ಹುಡುಕುವುದೇ ದಂಡ. ಹೊಸದಕ್ಕೆ ಲೇಬಲ್ ಹೊಲಿಯುವ ದಿನವೇ, ಅಟ್ಟದ ಮೇಲಿರುವ ಹಳೆಯ ಕೌದಿಯನ್ನೂ ಇಳಿಸಿ, ಅದನ್ನು ಹೊಲಿದವರ ಹೆಸರು ಗೊತ್ತಿರುವವರು ಮನೆಯಲ್ಲಿದ್ದರೆ ಕೇಳಿ, ಅದಕ್ಕೂ ಒಂದು ಹೊಲಿದುಬಿಡಿ.